ನೀಲಿಯನ್ನಲ್ಲ, ರೆಕ್ಕೆಯ ತಳಮೈಯನ್ನು ತೋರಿಸಿ

ಕೀನ್ಯಾದ ಮಸಾಯಿ ಮಾರಾ ಅಭಯಾರಣ್ಯಕ್ಕೆ ಹೋಗಿಬಂದವರು ಸಿಂಹ, ಆನೆಗಳ ಚಿತ್ರಗಳ ಜೊತೆಗೆ ಪುಟ್ಟ ನೀಲಿ ಚಿಟ್ಟೆಯೊಂದರ ಚಿತ್ರವನ್ನೂ ಕಳುಹಿಸಿ ಹೆಸರು ಕೇಳುತ್ತಾರೆ. ರೆಕ್ಕೆ ಬಿಚ್ಚಿದರೂ ಎರಡು, ಎರಡೂವರೆ ಸೆಂಟಿಮೀಟರ್ ದಾಟದ ಜೀವಿಯ ಮೇಲೆ ಅವರ ಕಣ್ಣು ಬಿತ್ತಲ್ಲ ಎಂದು ನನಗೆ ನಿಜವಾಗಿಯೂ ಸಂತೋಷವಾಗುತ್ತದೆ. ಆದರೆ ಬಹುಪಾಲು ಚಿತ್ರಗಳಲ್ಲಿ ಚಿಟ್ಟೆ ರೆಕ್ಕೆ ಹರಡಿ ಕುಳಿತಿರುತ್ತದೆ, ಕಾಣುವುದು ಬರೀ ನೀಲಿ.

ಸವನ್ನಾ ಹುಲ್ಲುಗಾವಲಿನ ಅಂಥ ಚಿಟ್ಟೆ ಆಫ್ರಿಕನ್ ಗ್ರಾಸ್ ಬ್ಲೂ, ಅಂದರೆ ಜಿಜೀರಿಯಾ ನೈಸ್ನಾ ಇರಬಹುದು. 1862ರಲ್ಲಿ ರೋಲಂಡ್ ಟ್ರೈಮೆನ್ ವಿವರಿಸಿದ ಈ ಜಾತಿಗೆ ದಕ್ಷಿಣ ಆಫ್ರಿಕಾದ ನೈಸ್ನಾ ಎಂಬ ಊರಿನ ಹೆಸರಿದೆ. ‘ಇರಬಹುದು’ ಎಂದೇ ಹೇಳುತ್ತೇನೆ, ಏಕೆಂದರೆ ಆ ನೀಲಿ ಯಾವುದೋ ಬಣ್ಣದ ಪುಡಿಯಿಂದ ಬಂದದ್ದಲ್ಲ. ರೆಕ್ಕೆಯ ಮೇಲಿನ ಹುರುಪೆಗಳ ಸೂಕ್ಷ್ಮ ರಚನೆ ಬೆಳಕನ್ನು ಹಿಂದಿರುಗಿಸುವ ಬಗೆಯಿಂದ ಅದು ಹುಟ್ಟುತ್ತದೆ. ಬಿಸಿಲು ಬೀಳುವ ಕೋನ ಬದಲಾದರೆ ಹೊಳಪು ಬದಲಾಗುತ್ತದೆ, ಹುರುಪೆ ಉದುರಿದರೆ ಮಾಸುತ್ತದೆ, ಹೆಣ್ಣಿನಲ್ಲಂತೂ ಕಂದು ಬಣ್ಣವೇ ಹೆಚ್ಚು.

ನೋಡಬೇಕಾದದ್ದು ಮುಚ್ಚಿದ ರೆಕ್ಕೆಯ ತಳಮೈಯನ್ನು. ಬೂದುಗಂದು ಹಿನ್ನೆಲೆಯಲ್ಲಿ ಬಿಳಿ ಉಂಗುರ ತೊಟ್ಟ ಕಪ್ಪು ಚುಕ್ಕೆಗಳಿರುತ್ತವೆ. ಮುಂರೆಕ್ಕೆಯ ನಡುಕೋಶದ, ಅಂದರೆ ರೆಕ್ಕೆಯ ನಡುವೆ ನರಗಳು ಸುತ್ತುವರಿದ ಜಾಗದ, ತುದಿಯಲ್ಲಿರುವ ಚಿಕ್ಕ ಗೆರೆಯನ್ನೇ ಚುಕ್ಕೆಯೆಂದು ತಿಳಿದು ಅನೇಕರು ಎಡವುತ್ತಾರೆ. ಆ ಗೆರೆ ಜಿಜಿನಾ ಎಂಬ ಹತ್ತಿರದ ಕುಲದಲ್ಲೂ ಇದೆ. ಗೆರೆಯನ್ನು ಬಿಟ್ಟು ರೆಕ್ಕೆಯ ಬುಡದ ಕಡೆಗೆ ಬನ್ನಿ: ಕೋಶದ ಒಳಗೇ ಇನ್ನೊಂದು ಚುಕ್ಕೆಯಿದ್ದರೆ ಅದು ಜಿಜೀರಿಯಾ, ಇಲ್ಲದಿದ್ದರೆ ಜಿಜಿನಾದ ಕಡೆಗೆ ಯೋಚಿಸಬೇಕು. ಹಾಗೆಂದು ಒಂದೇ ಚುಕ್ಕೆಯನ್ನು ನಂಬಿ ನಾನು ಹೆಸರು ಬರೆಯುವುದಿಲ್ಲ. ಹಿಂರೆಕ್ಕೆಯ ಚುಕ್ಕೆಗಳ ಸಾಲನ್ನೂ, ಚಿತ್ರ ತೆಗೆದ ಜಾಗವನ್ನೂ ನೋಡುತ್ತೇನೆ.

ನಿವೃತ್ತ ಶಿಕ್ಷಕಿಯೊಬ್ಬರು ಒಂದೇ ಚಿಟ್ಟೆಯ ಹನ್ನೊಂದು ಚಿತ್ರ ಕಳುಹಿಸಿ, “ಸರ್, ಇದು ನಮ್ಮ ಹಿತ್ತಲಿನದೇ ಅಲ್ಲವೇ?” ಎಂದು ಕೇಳಿದ್ದರು. ಹನ್ನೊಂದರಲ್ಲೂ ಮೇಲ್ಮೈ. ಪ್ರಶ್ನೆಯೇನೋ ಚೆನ್ನಾಗಿಯೇ ಇತ್ತು: ಕರ್ನಾಟಕದ ಜಿಜೀರಿಯಾ ಕರ್ಸಂಡ್ರಾವನ್ನು ಹಿಂದೆ ನೈಸ್ನಾದ ಉಪಜಾತಿಯೆಂದೇ ಎಣಿಸುತ್ತಿದ್ದರು, ಈಗ ಗಂಡಿನ ಜನನಾಂಗದ ರಚನೆ ನೋಡಿ ಬೇರ್ಪಡಿಸುತ್ತಾರೆ. ನಮ್ಮ ಚಪ್ಪಲಿಗೆ ಚುಚ್ಚಿಕೊಳ್ಳುವ ನೆಗ್ಗಿಲ ಗಿಡವೇ ಅಲ್ಲಿ ನೈಸ್ನಾದ ಮರಿಹುಳುವಿಗೂ ಆಹಾರ. ಚಿಟ್ಟೆ ರೆಕ್ಕೆ ಮಡಚಿದ್ದ ಚಿತ್ರವಿದೆಯೇ ಎಂದು ಕೇಳಿದೆ. ಮಸುಕಾಗಿದೆಯೆಂದು ಅಳಿಸಲು ಎತ್ತಿಟ್ಟಿದ್ದ ಹನ್ನೆರಡನೆಯದನ್ನು ಅವರು ಸಂಕೋಚದಿಂದಲೇ ಕಳುಹಿಸಿದರು. ಹುಲ್ಲಿನ ಎಸಳೊಂದು ಅಡ್ಡ ಬಂದಿತ್ತು, ಆದರೂ ಕೋಶದೊಳಗಿನ ಆ ಚುಕ್ಕೆ ಬಿಳಿ ಉಂಗುರದ ಸಮೇತ ಕಾಣುತ್ತಿತ್ತು. ಚಿತ್ರ ಕೀನ್ಯಾದ್ದಾದ್ದರಿಂದ ನೈಸ್ನಾ ಎಂದು ಬರೆದು ಕಳುಹಿಸಿದೆ.