ಕಡ ಕೊಟ್ಟರೆ ಲೆಂಡ್, ಕಡ ತಗೊಂಡರೆ ಬಾರೋ

ಕಾಲೇಜಿನ ಮೊದಲ ವಾರ. ಪಕ್ಕದ ಬೆಂಚಿನ ಹುಡುಗನಿಗೆ "ಪ್ಲೀಸ್ ಬಾರೋ ಮಿ ಯುವರ್ ಸ್ಕೇಲ್" ಅಂದಿದ್ದೆ. ಸ್ಕೇಲ್ ಏನೋ ಸಿಕ್ಕಿತು, ಜೊತೆಗೆ ಒಂದು ಕಿಸಕ್ ನಗುವೂ ಬಂತು.

ತಪ್ಪು ಹುಟ್ಟಿದ್ದು ನಮ್ಮ 'ಕಡ'ದಿಂದ. ಕಡ ಕೊಡು, ಕಡ ತಗೋ. ಕನ್ನಡದಲ್ಲಿ ಕಡ ಒಂದೇ, ಕೊಡು-ತಗೋ ಮಾತ್ರ ಬೇರೆ. ಇಂಗ್ಲಿಷಿನಲ್ಲಿ ಎರಡಕ್ಕೂ ಬೇರೆ ಬೇರೆ ಪದ. ವಸ್ತು ಯಾರ ಕೈಯಿಂದ ಹೋಗುತ್ತದೋ ಅವರು ಮಾಡುವುದು ಲೆಂಡ್. ಯಾರ ಕೈಗೆ ಬರುತ್ತದೋ ಅವರು ಮಾಡುವುದು ಬಾರೋ. ಬ್ಯಾಂಕಿನವರು ಲೆಂಡ್ ಮಾಡುತ್ತಾರೆ, ನಾವು ಬಾರೋ ಮಾಡುತ್ತೇವೆ. ಆಮೇಲೆ ಕಂತು ಕಟ್ಟುತ್ತಾ ಕೂರುತ್ತೇವೆ, ಅದು ಬೇರೆ ಮಾತು!

ನಾನು ಹೇಳಬೇಕಿದ್ದದ್ದು "ಕ್ಯಾನ್ ಐ ಬಾರೋ ಯುವರ್ ಸ್ಕೇಲ್?" ಇಲ್ಲವೇ "ಕ್ಯಾನ್ ಯು ಲೆಂಡ್ ಮಿ ಯುವರ್ ಸ್ಕೇಲ್?" ಏನಾದರೂ ಕೇಳುವಾಗ 'ಐ' ಜೊತೆ ಬಾರೋ, 'ಯು' ಜೊತೆ ಲೆಂಡ್. ನಾನು ಈಗಲೂ ಮನಸ್ಸಿನಲ್ಲಿ ಇದನ್ನೇ ಹೇಳಿಕೊಳ್ಳುತ್ತೇನೆ. ದಿನಕ್ಕಿಷ್ಟು ಅಂತ ದುಡ್ಡು ಕೊಟ್ಟು ತಂದ ಸೈಕಲ್‌ಗೆ ಮಾತ್ರ ಎರಡೂ ಬರುವುದಿಲ್ಲ, ಅದು ರೆಂಟ್. ಈ ರೆಂಟ್ ನಮ್ಮ ಬಾಡಿಗೆಯ ಹಾಗೆಯೇ. ಮನೆ ಕೊಟ್ಟವರಿಗೂ ಅದೇ ಪದ, ತಗೊಂಡವರಿಗೂ ಅದೇ.

'ಸಿನ್ಸ್', 'ಫಾರ್' ಕಥೆಯೂ ಇಂಥದ್ದೇ. "2023ರಿಂದ ಮೈಸೂರಲ್ಲಿದ್ದೇನೆ", "ಎರಡು ವರ್ಷದಿಂದ ಮೈಸೂರಲ್ಲಿದ್ದೇನೆ". ಎರಡರಲ್ಲೂ ಒಂದೇ 'ಇಂದ', ಅಲ್ವಾ? ಹಾಗಾಗಿ "ಸಿನ್ಸ್ ಟೂ ಇಯರ್ಸ್" ಅಂತ ಬಾಯಿಗೆ ಬಂದುಬಿಡುತ್ತದೆ. "ಯಾವಾಗಿನಿಂದ?" ಅಂತ ಕೇಳಿ ನೋಡಿ. ಉತ್ತರ ಇಂಥ ಇಸವಿ, ಇಂಥ ದಿನ ಅಥವಾ ಇಂಥ ಗಂಟೆ ಅಂತಾದರೆ ಸಿನ್ಸ್: ಸಿನ್ಸ್ 2023, ಸಿನ್ಸ್ ಮಂಡೆ. "ಎಷ್ಟು ಕಾಲದಿಂದ?" ಅನ್ನುವುದಕ್ಕೆ ಉತ್ತರವಾದರೆ ಫಾರ್: ಫಾರ್ ಟೂ ಇಯರ್ಸ್. ಇಂಥ ವಾಕ್ಯಗಳಲ್ಲಿ ಇವೆರಡರ ಜೊತೆಯೂ "ಐ ಆಮ್" ಬೇಡ, "ಐ ಹ್ಯಾವ್ ಬೀನ್" ಬೇಕು.

'ಬೈ', 'ಟಿಲ್' ವಿಷಯದಲ್ಲಿ ಕನ್ನಡವೇ ಕೈಹಿಡಿಯುತ್ತದೆ. "ಸೋಮವಾರದೊಳಗೆ ಫೀಸ್ ಕಟ್ಟಿ" ಅಂದರೆ ಬೈ ಮಂಡೆ. "ಸೋಮವಾರದವರೆಗೆ ಊರಲ್ಲಿರುತ್ತೇನೆ" ಅಂದರೆ ಟಿಲ್ ಮಂಡೆ. ಹೀಗೆ ಇಂಥ ದಿನ ಅಂತ ಹೇಳುವಾಗ 'ಒಳಗೆ'ಗೆ ಬೈ, 'ವರೆಗೆ'ಗೆ ಟಿಲ್, ಅಷ್ಟೇ.

ಇನ್ನು 'ಡೌಟ್'. ನಮ್ಮ ಟ್ಯೂಷನ್‌ಗಳಲ್ಲಿ "ಸರ್, ಒಂದು ಡೌಟ್" ಅಂದರೆ ಪ್ರಶ್ನೆ ಇದೆ ಅಂತ ಎಲ್ಲರಿಗೂ ಗೊತ್ತು. ಇಂಗ್ಲೆಂಡಿನ ಮೇಷ್ಟ್ರ ಕಿವಿಗೆ ಅದು ಅನುಮಾನ. ಅವರು ಹೇಳಿಕೊಟ್ಟಿದ್ದನ್ನೇ ನೀವು ನಂಬಲಿಲ್ಲ ಅನ್ನಿಸಬಹುದು. ಅಲ್ಲಿ ಸುಮ್ನೆ 'ಕ್ವೆಶ್ಚನ್' ಅನ್ನಿ.