1400 ಎಚ್‌ಪಿ ಮತ್ತು ನಾಲ್ಕು ಅಂಗೈ ರಬ್ಬರ್

ಕಾರಿನ ಹುಚ್ಚು ಹಚ್ಚಿಕೊಂಡ ಹುಡುಗರು ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿರುವ ನಮ್ಮ ವರ್ಕ್‌ಶಾಪಿಗೆ ಬಂದಾಗ ಮೊಬೈಲಿನಲ್ಲಿ ಯಾವುದಾದರೊಂದು ಕಾರನ್ನು ತೋರಿಸಿಯೇ ಮಾತು ಆರಂಭಿಸುತ್ತಾರೆ. ಬಹಳಷ್ಟು ಸಲ ಅದು ಅಮೆರಿಕದ ರ್ಯಾಲಿ ಚಾಲಕ ಕೆನ್ ಬ್ಲಾಕ್ ಓಡಿಸುತ್ತಿದ್ದ ‘ಹೂನಿಕಾರ್ನ್’ ಆಗಿರುತ್ತದೆ. 1965ರ ಫೋರ್ಡ್ ಮಸ್ಟಾಂಗ್‌ನ ಆಕಾರ, ಎಂಜಿನ್ನಿಗೆ ಹೆಚ್ಚು ಗಾಳಿ ತುಂಬಲೆಂದು ಬಾನೆಟ್ ಸೀಳಿಕೊಂಡು ಮೇಲೆದ್ದ ಎರಡು ಟರ್ಬೊಗಳು, ನಾಲ್ಕೂ ಚಕ್ರಗಳಿಂದ ಏಳುವ ಹೊಗೆ. ನೋಡಿದವರು ಮರುಳಾಗುವುದು ಸಹಜ, ನನಗೂ ಆ ಕಾರಿನ ಮೇಲೆ ಅಪಾರ ಗೌರವವಿದೆ. ಆದರೆ ಅದರ ಬೆನ್ನಿಗೇ ಬರುವ ಪ್ರಶ್ನೆ ಪ್ರತಿಸಲವೂ ಒಂದೇ: “ಸರ್, ನಮ್ಮ ಗಾಡ್ಯಾಗ ಎಷ್ಟ ಎಚ್‌ಪಿ ಏರಸಾಕ ಬರತೈತ್ರಿ?” ಎಚ್‌ಪಿ ಎಂದರೆ ಅಶ್ವಶಕ್ತಿ, ಎಂಜಿನ್ನಿನ ಬಲದ ಅಳತೆ. ಆ ಕಾರಿಗೆ ಎಂಥ ಟೈರ್ ಹಾಕಿದ್ದಾರೆ, ಅದನ್ನು ನಿಲ್ಲಿಸುವುದು ಹೇಗೆ, ಎಂಜಿನ್ನಿನ ಬಿಸಿಯೆಲ್ಲ ಎಲ್ಲಿಗೆ ಹೋಗುತ್ತದೆ ಎಂದು ಯಾರೊಬ್ಬರೂ ಕೇಳಿದ ನೆನಪು ನನಗಿಲ್ಲ. ಈ ಬರಹಕ್ಕೆ ಅದೇ ಕಾರಣ.

ಹೂನಿಕಾರ್ನ್ ಕುರಿತು ಅಭಿಮಾನಿಗಳಲ್ಲಿ ಜಗಳವೂ ಉಂಟು. ಹಳೆಯ ಕಾರುಗಳನ್ನು ಪ್ರೀತಿಸುವವರು, ಚರಿತ್ರೆಯಾಗಬೇಕಿದ್ದ ಒಂದು ಮಸ್ಟಾಂಗ್ ಅನ್ನು ಕೊಯ್ದು ಹಾಳುಮಾಡಿದರು ಎನ್ನುತ್ತಾರೆ. ಇನ್ನು ಕೆಲವರು, ಒಳಗೆ ಹೊಸದಾಗಿ ಹೆಣೆದ ಪೈಪಿನ ಚೌಕಟ್ಟು, ಹೊರಗೆ ಕಾರ್ಬನ್ ಫೈಬರ್ ಹೊದಿಕೆ ಇರುವಾಗ ಅದನ್ನು ಮಸ್ಟಾಂಗ್ ಎಂದು ಏಕೆ ಕರೆಯಬೇಕು ಎಂದು ಕೇಳುತ್ತಾರೆ. ಎರಡೂ ವಾದಗಳಲ್ಲಿ ಹುರುಳಿದೆ. ಆದರೂ ಆ ಕಾಲದ ಮಸ್ಟಾಂಗ್‌ಗಳು ಲಕ್ಷಗಟ್ಟಲೆ ತಯಾರಾದ ಕಾರುಗಳು, ಅವುಗಳಲ್ಲಿ ಒಂದು ಇಂಥ ಕುಶಲ ಕೆಲಸಕ್ಕೆ ಬಳಕೆಯಾದದ್ದು ನನಗೆ ನಷ್ಟವೆಂದು ತೋರುವುದಿಲ್ಲ. ನನ್ನ ಚಿಂತೆ ಬೇರೆಯದು. ಹೊಗಳುವವರೂ ತೆಗಳುವವರೂ ಕೊನೆಗೆ ಬಂದು ನಿಲ್ಲುವುದು ಅದರ ಎಚ್‌ಪಿಯಾದ 1400 ಎಂಬ ಒಂದೇ ಅಂಕಿಯ ಮೇಲೆ, ಮತ್ತು ಆ ಅಂಕಿ ಕಾರಿಗೆ ಬಂದು ಸೇರಿದ್ದು ಎಲ್ಲಕ್ಕಿಂತ ಕೊನೆಗೆ.

2014ರಲ್ಲಿ ಲಾಸ್ ವೇಗಾಸ್‌ನಲ್ಲಿ ನಡೆಯುವ ಸೇಮಾ ಎಂಬ ಕಾರು ಬಿಡಿಭಾಗಗಳ ಪ್ರದರ್ಶನದಲ್ಲಿ ಕಾಣಿಸಿಕೊಂಡಾಗ ಅದಕ್ಕೆ ಟರ್ಬೊ ಇರಲಿಲ್ಲ, 6.7 ಲೀಟರಿನ ವಿ8 ಎಂಜಿನ್, 845 ಎಚ್‌ಪಿ. ಆಗಲೇ ನಾಲ್ಕೂ ಚಕ್ರಗಳಿಗೆ ಬಲ ಹಂಚುವ ವ್ಯವಸ್ಥೆ, ಒಂದಾದ ಮೇಲೊಂದರಂತೆ ಗೇರ್ ಬದಲಿಸುವ ರೇಸಿನ ಆರು ಗೇರಿನ ಸೀಕ್ವೆನ್ಷಿಯಲ್ ಗೇರ್‌ಬಾಕ್ಸ್, ಇಡೀ ಕಾರನ್ನು ಬಿಗಿಹಿಡಿಯುವ ಪಂಜರ ಎಲ್ಲವೂ ಅದರಲ್ಲಿದ್ದವು. ಟರ್ಬೊಗಳು ಸೇರಿದ್ದು ಕೊಲರಾಡೊದ ಪೈಕ್ಸ್ ಪೀಕ್ ಬೆಟ್ಟ ಹತ್ತುವ ಯೋಜನೆ ಬಂದ ಮೇಲೆ. ಆ ಬೆಟ್ಟದ ತುದಿ ಸಮುದ್ರಮಟ್ಟದಿಂದ 4302 ಮೀಟರ್ ಎತ್ತರದಲ್ಲಿದೆ. ಅಲ್ಲಿ ಗಾಳಿ ಎಷ್ಟು ತೆಳುವೆಂದರೆ, ಟರ್ಬೊ ಇಲ್ಲದ ಎಂಜಿನ್ ತನ್ನ ಬಲದ ಮೂರನೆಯ ಒಂದು ಭಾಗವನ್ನಾದರೂ ಕಳೆದುಕೊಳ್ಳುತ್ತದೆ. ಆ ಕೊರತೆ ತುಂಬಲು ಟರ್ಬೊ ಬಂತು, ಟರ್ಬೊದ ಬಿಸಿ ತಾಳಿಕೊಳ್ಳಲು ಪೆಟ್ರೋಲಿನ ಬದಲು ಮೆಥನಾಲ್ ಬಂತು. ಮೆಥನಾಲ್ ಆವಿಯಾಗುವಾಗ ಒಳಹೋಗುವ ಗಾಳಿಯನ್ನು ಚೆನ್ನಾಗಿ ತಂಪುಮಾಡುತ್ತದೆ, ಆದರೆ ಪೆಟ್ರೋಲಿಗಿಂತ ಹೆಚ್ಚುಕಡಿಮೆ ಇಮ್ಮಡಿ ಸುರಿಯಬೇಕಾಗುತ್ತದೆ. ಆದ್ದರಿಂದ ಪಂಪು, ಇಂಜೆಕ್ಟರು, ಪೈಪು ಎಲ್ಲವೂ ಅದಕ್ಕೆ ತಕ್ಕಂತೆ ದೊಡ್ಡದಾಗಬೇಕು. ಮೊದಲೇ ಗಟ್ಟಿಯಾದ ಕಾರಿಗೆ, ಒಂದು ಗೊತ್ತಾದ ಕಾರಣಕ್ಕಾಗಿ, ಈ ಕ್ರಮದಲ್ಲಿ ಬಲ ಸೇರಿಸಿದರು. ನಮ್ಮಲ್ಲಿ ಕ್ರಮ ತಲೆಕೆಳಗಾಗುತ್ತದೆ: ಮೊದಲು ರೀಮ್ಯಾಪ್ (ಎಂಜಿನ್ ನಿಯಂತ್ರಿಸುವ ಕಂಪ್ಯೂಟರಿನ ತಂತ್ರಾಂಶ ಬದಲಿಸುವುದು), ಆಮೇಲೆ ಸದ್ದು ಮಾಡುವ ಸೈಲೆನ್ಸರ್, ಉಳಿದದ್ದು ಹಣ ಬಂದಾಗ.

ಈಗ ನಾನು ಎಷ್ಟು ಸಲ ಹೇಳಿದರೂ ಕಿವಿಗೆ ಬೀಳದ ಮಾತಿಗೆ ಬರುತ್ತೇನೆ. ಎಂಜಿನ್ ಎಷ್ಟೇ ಬಲ ಹುಟ್ಟಿಸಲಿ, ಅದು ರಸ್ತೆಗೆ ಇಳಿಯುವುದು ಟೈರಿನ ಮೂಲಕ ಮಾತ್ರ, ಮತ್ತು ಒಂದು ಟೈರ್ ರಸ್ತೆಯನ್ನು ಮುಟ್ಟುವ ಜಾಗ ಸುಮಾರು ಒಂದು ಅಂಗೈಯಷ್ಟು. ಒಂದು ಲೆಕ್ಕ ಮಾಡಿ ನೋಡೋಣ. ಚಾಲಕನೂ ಸೇರಿ 1000 ಕೆ.ಜಿ. ತೂಗುವ, ಮುಂದಿನ ಚಕ್ರಗಳಿಗೆ ಬಲ ಬರುವ ಸಾಮಾನ್ಯ ಹ್ಯಾಚ್‌ಬ್ಯಾಕ್ ಒಂದನ್ನು ತೆಗೆದುಕೊಳ್ಳಿ. ಜೋರಾಗಿ ಆಕ್ಸಿಲರೇಟರ್ ಒತ್ತಿದಾಗ ಭಾರ ಹಿಂದಕ್ಕೆ ಸರಿಯುವುದರಿಂದ ಮುಂದಿನ ಚಕ್ರಗಳ ಮೇಲೆ ಸುಮಾರು 550 ಕೆ.ಜಿ. ಉಳಿಯುತ್ತದೆ. ಒಣ ಡಾಂಬರಿನ ಮೇಲೆ ಒಳ್ಳೆಯ ಟೈರ್ ತನ್ನ ಮೇಲಿನ ಭಾರದ 0.8 ಪಾಲಿನಷ್ಟು ಹಿಡಿತ ಕೊಡುತ್ತದೆ ಎಂದುಕೊಂಡರೆ, ಎರಡೂ ಟೈರುಗಳು ಸೇರಿ ಕಾರನ್ನು ಮುಂದಕ್ಕೆ ದೂಡಬಲ್ಲದ್ದು 440 ಕೆ.ಜಿ. ತೂಕಕ್ಕೆ ಸಮನಾದ ಬಲದಿಂದ. ಗಂಟೆಗೆ 40 ಕಿ.ಮೀ. ವೇಗದಲ್ಲಿ ಇಷ್ಟು ಬಲಕ್ಕೆ ಬೇಕಾಗುವುದು ಸುಮಾರು 65 ಎಚ್‌ಪಿ, 60 ಕಿ.ಮೀ. ವೇಗದಲ್ಲಿ ನೂರರ ಒಳಗೆ. ಅದಕ್ಕಿಂತ ಹೆಚ್ಚು ಕೊಟ್ಟರೆ ಕಾರಿನ ನೆಗೆತ ಹೆಚ್ಚುವುದಿಲ್ಲ, ಚಕ್ರ ಜಾರಿ ಗಿರ್ರನೆ ತಿರುಗುತ್ತದೆ, ಸ್ಟಿಯರಿಂಗ್ ಕೈಯಲ್ಲಿ ಎಳೆದಾಡುತ್ತದೆ. ರಸ್ತೆ ಒದ್ದೆಯಾಗಿದ್ದರೆ ಈ ಅಂಕಿಗಳು ಇನ್ನೂ ಇಳಿಯುತ್ತವೆ. ಟೈರಿನ ತಯಾರಿಕೆ, ಹವಾಮಾನ, ರಸ್ತೆಯ ಮೇಲ್ಮೈ ಇವೆಲ್ಲದರಿಂದ ಲೆಕ್ಕ ಬದಲಾಗುತ್ತದೆ ಎಂಬುದನ್ನು ಒಪ್ಪುತ್ತೇನೆ, ಆದರೆ ದುಪ್ಪಟ್ಟು ಬದಲಾಗುವುದಿಲ್ಲ. “ಪಿಕಪ್ ಬರಬೇಕ್ರಿ” ಎನ್ನುವವರಿಗೆ ಬೇಕಾದದ್ದು ಈ 40ರಿಂದ 60ರ ನಡುವಿನ ನೆಗೆತ, ಮತ್ತು ಅಲ್ಲಿ ಅವರ ಕಾರಿನ ಕೈ ಕಟ್ಟಿಹಾಕಿರುವುದು ಟೈರ್. ಹೂನಿಕಾರ್ನ್ ಕಟ್ಟಿದವರು ನಾಲ್ಕೂ ಚಕ್ರಗಳಿಗೆ ಬಲ ಹಂಚಿದ್ದು, ರೇಸಿನ ಮೆತ್ತನೆಯ ರಬ್ಬರಿನ ಅಗಲ ಟೈರುಗಳನ್ನು ಹಾಕಿದ್ದು ಈ ಮಿತಿಯನ್ನು ಆದಷ್ಟು ಮೇಲೆತ್ತಲು. ಅಷ್ಟೆಲ್ಲ ಮಾಡಿದ ಮೇಲೂ ಅದರ ಚಕ್ರಗಳು ಜಾರುತ್ತವೆ. ದೃಶ್ಯದಲ್ಲಿ ಕಾಣುವ ಆ ಹೊಗೆ, ರಸ್ತೆಗೆ ಇಳಿಯಲಾರದೆ ಹೋದ ಬಲ.

ಬ್ರೇಕಿಗೂ ಅದೇ ಟೈರ್, ಅದೇ ಹಿಡಿತ. ಅದೇ ಒಣ ರಸ್ತೆಯಲ್ಲಿ ಗಂಟೆಗೆ 60 ಕಿ.ಮೀ. ವೇಗದಿಂದ ನಿಲ್ಲಲು ಸುಮಾರು 18 ಮೀಟರ್ ಬೇಕು, 100ರಿಂದ 49, 140ರಿಂದ 96. ಕಾಲು ಬ್ರೇಕಿನ ಮೇಲೆ ಹೋಗುವುದಕ್ಕೆ ಮೊದಲು ಕಳೆದ ಒಂದು ಸೆಕೆಂಡಿನಲ್ಲಿ ಕಾರು ಕ್ರಮಿಸುವ ದೂರ ಇದರಲ್ಲಿ ಸೇರಿಲ್ಲ. 140ರಲ್ಲಿ ಅದೇ 39 ಮೀಟರ್ ಆಗುತ್ತದೆ. ಜೊತೆಗೆ, 140ರಿಂದ ನಿಲ್ಲುವಾಗ ಡಿಸ್ಕುಗಳು ನುಂಗಬೇಕಾದ ಬಿಸಿ, 80ರಿಂದ ನಿಲ್ಲುವಾಗಿನದಕ್ಕಿಂತ ಮೂರು ಪಟ್ಟು. ಎಂಜಿನ್ನಿಗೆ ಬಲ ತುಂಬಿಸಿಕೊಂಡು ಬ್ರೇಕನ್ನು ಕಂಪನಿಯಿಂದ ಬಂದ ಹಾಗೆಯೇ ಬಿಟ್ಟವರು ಈ ಮೂರು ಪಟ್ಟು ಬಿಸಿಯನ್ನು ಲೆಕ್ಕಕ್ಕೇ ಹಿಡಿದಿರುವುದಿಲ್ಲ.

ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿಯೊಬ್ಬರ ಮಗ ತನ್ನ ಹ್ಯಾಚ್‌ಬ್ಯಾಕನ್ನು ನಮ್ಮಲ್ಲಿಗೆ ತಂದಿದ್ದ. ಬೇರೆ ಊರಿನಲ್ಲಿ ರೀಮ್ಯಾಪ್ ಮಾಡಿಸಿ ದೊಡ್ಡ ಟರ್ಬೊ ಕೂಡಿಸಿದ್ದರು. ಇನ್ನೂ ಸ್ವಲ್ಪ ಬಲ ಬೇಕು ಎಂಬುದು ಅವನ ಬೇಡಿಕೆ. ಮುಂದಿನ ಚಕ್ರ ಬಿಚ್ಚಿಸಿ ನೋಡಿದೆ. ಡಿಸ್ಕಿನ ಮೇಲೆ ಅಲ್ಲಲ್ಲಿ ಬಿಸಿಗೆ ನೀಲಿಗಟ್ಟಿದ ಕಲೆಗಳು, ಪ್ಯಾಡಿನ ಮುಖ ಗಾಜಿನಂತೆ ನುಣುಪಾಗಿ ಅಂಚು ಉದುರತೊಡಗಿತ್ತು. ಬ್ರೇಕ್ ಆಯಿಲ್ ತೆಗೆದು ಗಾಜಿನ ಲೋಟಕ್ಕೆ ಹಾಕಿಸಿದರೆ, ತಿಳಿ ಹಳದಿ ಇರಬೇಕಾದದ್ದು ಕಂದು ಬಣ್ಣಕ್ಕೆ ತಿರುಗಿತ್ತು. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತ ಹೋಗುತ್ತದೆ. ಡಾಟ್ 4 ದರ್ಜೆಯದು ಹೊಸದಾಗಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಎಂಬುದು ನಿಯಮ. ನೀರು ಹೀರಿದ ಮೇಲೆ ಆ ಕನಿಷ್ಠ ಮಿತಿ 155 ಡಿಗ್ರಿಗೆ ಇಳಿಯುತ್ತದೆ. ಕುದಿದು ಗುಳ್ಳೆ ಎದ್ದರೆ ಪೆಡಲ್ ನೆಲಕ್ಕೆ ಹೋಗುತ್ತದೆ, ಕಾರು ನಿಲ್ಲುವುದಿಲ್ಲ. ಎಂಜಿನ್ ಮುಟ್ಟುವುದಿಲ್ಲ, ಮೊದಲು ಬ್ರೇಕು ಮತ್ತು ಟೈರ್ ಎಂದೆ. ಅವನು ತಲೆ ತಗ್ಗಿಸಿ ಹೇಳಿದ: “ಬ್ರೇಕಿಗೆ ರೊಕ್ಕ ಹಾಕಿದ್ರ ಗೆಳ್ಯಾರಿಗೆ ಏನ್ ತೋರಸ್ಲಿ ಸರ್?” ಸಿಟ್ಟು ಬರಬೇಕಾದ ಮಾತು, ಆದರೆ ಆ ಹುಡುಗನ ಪ್ರಾಮಾಣಿಕತೆಗೆ ನನಗೆ ಸಿಟ್ಟು ಬರಲಿಲ್ಲ. ಎಲ್ಲರ ಮನಸ್ಸಿನಲ್ಲಿರುವುದನ್ನು ಅವನೊಬ್ಬ ಬಾಯಿಬಿಟ್ಟು ಹೇಳಿದ. ಎಚ್‌ಪಿಯನ್ನು ಅಂಕಿಯಾಗಿ ಹೇಳಬಹುದು, ಬ್ರೇಕು ಯಾರಿಗೂ ಕಾಣುವುದಿಲ್ಲ. ಕೊನೆಗೆ ಅವನು ಕೆಲಸ ಮುಗಿಯುವವರೆಗೆ ಪಕ್ಕದಲ್ಲೇ ಕುಳಿತು, ಪ್ಯಾಡನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರಿನಿಂದ ಗಾಳಿ ತೆಗೆಯುವುದನ್ನು ತಾನೇ ಕಲಿತುಕೊಂಡು ಹೋದ.

ನಮ್ಮ ಭಾಗದ ರಸ್ತೆಗಳ ಮಾತನ್ನೂ ಹೇಳಬೇಕು. ಅಣ್ಣಿಗೇರಿ, ಗದಗ, ನವಲಗುಂದ ಕಡೆಗೆಲ್ಲ ಎರೆಭೂಮಿ. ಎರೆಮಣ್ಣು ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಗೆಯಲ್ಲಿ ಕುಗ್ಗಿ ಬಿರಿಯುತ್ತದೆ, ಅದರ ಮೇಲಿನ ಡಾಂಬರು ಎಷ್ಟು ಚೆನ್ನಾಗಿ ಹಾಕಿದರೂ ಕ್ರಮೇಣ ಏರಿಳಿತಕ್ಕೆ ಬೀಳುತ್ತದೆ. ಇಂಥ ರಸ್ತೆಯಲ್ಲಿ ಸ್ಪ್ರಿಂಗ್ ಕತ್ತರಿಸಿ ಕಾರನ್ನು ನೆಲಕ್ಕೆ ಇಳಿಸಿದವರು ಟೈರಿಗೆ ಇದ್ದಬದ್ದ ಹಿಡಿತವನ್ನೂ ಕಳೆದುಕೊಳ್ಳುತ್ತಾರೆ, ಏಕೆಂದರೆ ಗಟ್ಟಿಯಾದ ಸಸ್ಪೆನ್ಶನ್ ಏರಿಳಿತದ ಮೇಲೆ ಚಕ್ರವನ್ನು ಕ್ಷಣಕಾಲ ಗಾಳಿಯಲ್ಲಿ ಬಿಡುತ್ತದೆ, ಗಾಳಿಯಲ್ಲಿರುವ ಚಕ್ರಕ್ಕೆ ಬಲವೂ ಇಲ್ಲ, ಬ್ರೇಕೂ ಇಲ್ಲ. ನನ್ನನ್ನು ಕೇಳಿದರೆ, ಹುಬ್ಬಳ್ಳಿಯಿಂದ ಗದಗಿಗೆ ಬೇಗ ಮುಟ್ಟಿಸುವುದು ಒಳ್ಳೆಯ ಡ್ಯಾಂಪರುಗಳೇ (ಶಾಕ್ ಅಬ್ಸಾರ್ಬರುಗಳೇ) ಹೊರತು ಟರ್ಬೊ ಅಲ್ಲ.

ಎಚ್‌ಪಿಯ ವಾದ ಬಂದಾಗ ನಾನು ಹಳೆಯದೊಂದು ಉದಾಹರಣೆ ಕೊಡುತ್ತೇನೆ. 1987ರಲ್ಲಿ ಜರ್ಮನಿಯ ರೂಫ್ ಸಂಸ್ಥೆ ಪೋರ್ಶೆ 911ರ ಆಧಾರದ ಮೇಲೆ ಕಟ್ಟಿದ, ಹಳದಿ ಬಣ್ಣದಿಂದಾಗಿ ‘ಯೆಲ್ಲೊಬರ್ಡ್’ ಎಂದು ಹೆಸರಾದ ಸಿಟಿಆರ್ ಕಾರಿನ ಬಲ 469 ಎಚ್‌ಪಿ. ಅದೇ ಕಾಲದ ಪೋರ್ಶೆಯ ಸ್ವಂತ 959ಕ್ಕೆ 450. ಆದರೆ 959ರ ಗರಿಷ್ಠ ವೇಗ ಗಂಟೆಗೆ 317 ಕಿ.ಮೀ., ಯೆಲ್ಲೊಬರ್ಡ್ 1988ರಲ್ಲಿ ಇಟಲಿಯ ನಾರ್ಡೊ ಟ್ರ್ಯಾಕಿನಲ್ಲಿ ಮುಟ್ಟಿದ್ದು 342. ಗಾಳಿಯನ್ನು ಸೀಳಲು ಬೇಕಾದ ಬಲ ವೇಗದ ಘನದಂತೆ ಏರುವುದರಿಂದ, ಹೆಚ್ಚುವರಿ 19 ಎಚ್‌ಪಿಯಿಂದ ಸಿಗಬಹುದಾದದ್ದು ನಾಲ್ಕೈದು ಕಿ.ಮೀ. ಮಾತ್ರ. ಉಳಿದದ್ದನ್ನು ರೂಫ್‌ನವರು ಸಂಪಾದಿಸಿದ್ದು ಬೇರೆ ಕಡೆಯಿಂದ: ಅಗಲವಾದ ಟರ್ಬೊ ಮಾದರಿಯ ಮೈಯನ್ನು ಬಿಟ್ಟು ಕಿರಿದಾದ 911ರ ಮೈಯನ್ನೇ ಆರಿಸಿಕೊಂಡರು, ಛಾವಣಿಯ ಅಂಚಿನಲ್ಲಿ ಮಳೆನೀರು ಹರಿಯಲೆಂದು ಇದ್ದ ಸಣ್ಣ ಪಟ್ಟಿಯನ್ನೂ ಕತ್ತರಿಸಿ ನುಣುಪು ಮಾಡಿದರು. ಆ ಪಟ್ಟಿಯ ಮೇಲೆ ಕೆಲಸ ಮಾಡಿದ ಕೈಗೆ ನಾನು ಟರ್ಬೊ ಜೋಡಿಸಿದ ಕೈಗಿಂತ ಹೆಚ್ಚು ಮರ್ಯಾದೆ ಕೊಡುತ್ತೇನೆ.

ಕಾನೂನಿನ ವಿಚಾರದಲ್ಲಿ ನಾನು ವಕೀಲನಲ್ಲ, ಆದರೆ ಗಿರಾಕಿಗಳಿಗೆ ತಿಳಿಸುವುದು ನನ್ನ ಹೊಣೆ. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮಿನ ಪ್ರಕಾರ, ತಯಾರಕರು ಕೊಟ್ಟ ಮೂಲ ವಿವರಗಳಿಗೂ ಆರ್‌ಸಿಯಲ್ಲಿನ ವಿವರಗಳಿಗೂ ಹೊಂದದಂತೆ ಮಾಲೀಕರು ವಾಹನವನ್ನು ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನು ಎತ್ತಿಹಿಡಿದಿದೆ. ಅಪಘಾತವಾದಾಗ ವಿಮೆಯ ತಕರಾರು ಏಳುವುದೂ ಇಲ್ಲಿಯೇ. ಯಾವ ಕೆಲಸಕ್ಕೆ ಅನುಮತಿ ಬೇಕು ಎಂಬುದನ್ನು ಆರ್‌ಟಿಒ ಕಚೇರಿಯಲ್ಲಿ ಕೇಳಿಕೊಂಡು ಬನ್ನಿ ಎನ್ನುತ್ತೇನೆ. ಹೂನಿಕಾರ್ನ್ ಪ್ರದರ್ಶನ ನೀಡಿದ್ದು ಮುಚ್ಚಿದ ರಸ್ತೆ ಮತ್ತು ಟ್ರ್ಯಾಕುಗಳಲ್ಲಿ. ನಮ್ಮ ಹೆದ್ದಾರಿಯಲ್ಲಿ ಎದುರಿಗೆ ಕಬ್ಬಿನ ಟ್ರ್ಯಾಕ್ಟರ್ ಬರುತ್ತದೆ, ರಾತ್ರಿ ಅದರ ಹಿಂದೆ ದೀಪವೂ ಇರುವುದಿಲ್ಲ.

ನಿಜವಾಗಿಯೂ ಕಾರು ಕಟ್ಟುವ ಆಸೆಯಿದ್ದವರಿಗೆ ದಾರಿಯಿಲ್ಲವೆಂದಲ್ಲ. ನಮ್ಮ ಎಂಜಿನಿಯರಿಂಗ್ ಕಾಲೇಜುಗಳ ವಿದ್ಯಾರ್ಥಿಗಳು ಬಾಹಾ, ಫಾರ್ಮುಲಾ ಮಾದರಿಯ ಸ್ಪರ್ಧೆಗಳಿಗೆಂದು ಚಾಸಿಯಿಂದ ಹಿಡಿದು ತಾವೇ ಕಾರು ಕಟ್ಟುತ್ತಾರೆ, ಕೆಲವರು ವೆಲ್ಡಿಂಗಿಗೆ, ಹಬ್ ಕೊರೆಯಿಸಲಿಕ್ಕೆ ನಮ್ಮಲ್ಲಿಗೂ ಬರುತ್ತಾರೆ. ಆ ಸ್ಪರ್ಧೆಗಳಲ್ಲಿ ಕಾರು ಓಟಕ್ಕೆ ಇಳಿಯುವ ಮೊದಲು ಬ್ರೇಕ್ ಪರೀಕ್ಷೆ ದಾಟಬೇಕು. ಚಾಲಕ ವೇಗ ಪಡೆದು ಪೆಡಲ್ ತುಳಿದಾಗ ನಾಲ್ಕೂ ಚಕ್ರಗಳು ಲಾಕ್ ಆಗಬೇಕು, ಒಂದು ಚಕ್ರ ಉರುಳುತ್ತಿದ್ದರೂ ತಪಾಸಣೆಗಾರರು ವಾಪಸು ಕಳಿಸುತ್ತಾರೆ. ತಿಂಗಳುಗಟ್ಟಲೆ ನಿದ್ದೆಗೆಟ್ಟು ಎಂಜಿನ್ ಟ್ಯೂನ್ ಮಾಡಿದ ತಂಡ ಈ ಪರೀಕ್ಷೆಯಲ್ಲಿ ಸಿಕ್ಕಿಬಿದ್ದು, ಪೆಡಲಿನ ಒತ್ತಡವನ್ನು ಬ್ರೇಕಿಗೆ ಮುಟ್ಟಿಸುವ ಮಾಸ್ಟರ್ ಸಿಲಿಂಡರಿನ ಅಳತೆ ಬದಲಿಸುತ್ತ ಒಂದೂ ಓಟ ಓಡದೆ ಮನೆಗೆ ಮರಳುವುದು ಅಪರೂಪವಲ್ಲ. ಅಂಥ ತಂಡದಲ್ಲಿ ಇದ್ದುಬಂದ ಹುಡುಗರು ಮುಂದೆ ತಮ್ಮ ಸ್ವಂತ ಕಾರು ತಂದಾಗ ಕೇಳುವ ಪ್ರಶ್ನೆ ಬದಲಾಗಿರುತ್ತದೆ. “ಸರ್, ಈ ಡಿಸ್ಕಿಗೆ ಯಾವ ಪ್ಯಾಡ್ ಹೊಂದತೈತ್ರಿ?” ಎನ್ನುತ್ತಾರೆ, ಆಗ ನಾನು ಕೈಯಲ್ಲಿರುವ ಬೇರೆ ಕೆಲಸ ಬಿಟ್ಟು ಅವರ ಕಾರಿನ ಕೆಳಗೆ ಇಳಿಯುತ್ತೇನೆ.