ಓಡಿಹೋದ ಒಕ್ಕಲನ್ನು ಹುಡುಕಲು ಐದೇ ವರ್ಷ ಯಾಕೆ?

ಯುರೋಪಿನ ಇತಿಹಾಸ ಪಾಠ ಮಾಡುವಾಗ 'ಸರ್ಫ್' ಪದಕ್ಕೆ ನಾನು ಜೀತದಾಳು ಅನ್ನುವುದಿಲ್ಲ. ರಷ್ಯಾದ ರೈತನಿಗೆ ಮನೆ, ಕುದುರೆ, ಉಳುಮೆ ಎಲ್ಲ ಇತ್ತು. ಕಳೆದುಕೊಂಡದ್ದು ಊರು ಬಿಡುವ ಹಕ್ಕನ್ನು. ನೆಲಕ್ಕೆ ಕಟ್ಟಿಹಾಕಿದ ಒಕ್ಕಲು ಅಂದರೆ ಮಕ್ಕಳಿಗೆ ಬೇಗ ತಿಳಿಯುತ್ತದೆ.

ಮೊದಲು ಆ ಹಕ್ಕೂ ಇತ್ತು. 1497ರ ಕಾನೂನಿನಂತೆ ನವೆಂಬರ್ 26ರ ಯೂರಿ ಹಬ್ಬಕ್ಕೆ ಹಿಂದೊಂದು ವಾರ, ಮುಂದೊಂದು ವಾರ ಒಕ್ಕಲು ಒಡೆಯನನ್ನು ಬಿಟ್ಟು ಹೋಗಬಹುದಿತ್ತು. ಅಷ್ಟರಲ್ಲಿ ಸುಗ್ಗಿ ಮುಗಿದಿರುತ್ತದೆ, ಲೆಕ್ಕ ಚುಕ್ತಾ ಮಾಡಬಹುದು. ಇದ್ದ ಮನೆಗೆ ಬಯಲಿನಲ್ಲಾದರೆ ಒಂದು ರೂಬಲ್, ಮರ ಸಿಗುವ ಕಾಡಿನ ಕಡೆ ಅರ್ಧ ರೂಬಲ್ ಕಟ್ಟಬೇಕು. 1580ರ ದಶಕದಲ್ಲಿ ಈ ಬಾಗಿಲು ಮುಚ್ಚತೊಡಗಿತು. ಆಸೆಗೆ ತಣ್ಣೀರು ಬಿದ್ದಾಗ ರಷ್ಯನ್ನರು ಈಗಲೂ 'ತಗೋ ಅಜ್ಜಿ, ನಿನ್ನ ಯೂರಿ ಹಬ್ಬ' ಅನ್ನುತ್ತಾರೆ.

ಬಾಗಿಲು ಮುಚ್ಚಿದರೆ ಜನ ಬೇಲಿ ಹಾರುತ್ತಾರೆ, ಅಲ್ವಾ? 1597ರಲ್ಲಿ ಹೊಸ ಆದೇಶ ಬಂತು: ಓಡಿಹೋದವರನ್ನು ಐದು ವರ್ಷದೊಳಗೆ ಹುಡುಕಿ ತರಬಹುದು. ಆಮೇಲೆ ಕೇಳುವಂತಿಲ್ಲ. ಈ ಗಡುವು ಯಾಕೆ ಅಂತ ಪ್ರತಿ ವರ್ಷ ಒಬ್ಬರಾದರೂ ಕೇಳುತ್ತಾರೆ. ಒಳ್ಳೆಯ ಪ್ರಶ್ನೆ. ಓಡಿದವರೆಲ್ಲ ಕಾಡು ಸೇರಲಿಲ್ಲ. ಎಷ್ಟೋ ಜನ ಸೇರಿದ್ದು ಇನ್ನೊಬ್ಬ ದೊಡ್ಡ ಜಮೀನ್ದಾರನ ಅಥವಾ ಮಠದ ಹೊಲವನ್ನು. ಐದು ವರ್ಷ ಬಚ್ಚಿಟ್ಟರೆ ಆಳು ಅವರದೇ. ನಷ್ಟವಾದದ್ದು ನಾಲ್ಕಾರು ಒಕ್ಕಲಿದ್ದ, ಯುದ್ಧಕ್ಕೆ ಹೋಗಬೇಕಿದ್ದ ಸಣ್ಣ ಒಡೆಯರಿಗೆ. 1637ರಲ್ಲಿ ಅವರು ಒಟ್ಟಾಗಿ ಅರ್ಜಿ ಹಾಕಿದರು, ಗಡುವು ಒಂಬತ್ತು ವರ್ಷವಾಯಿತು. ಮತ್ತೆ ಅರ್ಜಿ, ಹತ್ತಾಯಿತು. 1649ರ ಕಾನೂನು ಸಂಹಿತೆ ಗಡುವನ್ನೇ ಕಿತ್ತುಹಾಕಿತು, ಎಷ್ಟು ವರ್ಷವಾದರೂ ಹಿಡಿದು ತರಬಹುದು.

ದಕ್ಷಿಣದ ಗಡಿಯ ಕತೆ ಬೇರೆ. ಕ್ರಿಮಿಯಾದ ತಾತಾರರು ನುಗ್ಗಿ ಜನರನ್ನು ಗುಲಾಮರಾಗಿ ಹೊತ್ತೊಯ್ಯುತ್ತಿದ್ದರು. ಅದನ್ನು ತಡೆಯಲು 1635ರಿಂದ ಬೆಲ್ಗೊರೊದ್ ರಕ್ಷಣಾ ಸಾಲು ಎದ್ದಿತು. ಉದ್ದ ಸುಮಾರು 800 ಕಿಲೋಮೀಟರ್. ಅಷ್ಟಕ್ಕೂ ಕಾವಲಿಗೆ ಜನ ಎಲ್ಲಿಂದ ತರುವುದು? ಬಂದವನ ಹೆಸರು ಬರೆದುಕೊಂಡು, ಕೈಗೆ ಕೋವಿ ಕೊಟ್ಟು, ಜಮೀನು ತೋರಿಸಿದರು. ಪೂರ್ವಾಪರ ಜಾಸ್ತಿ ಕೆದಕಲಿಲ್ಲ. ಹಿಡಿದು ತನ್ನಿ ಅನ್ನುವ ಸರ್ಕಾರವೇ ಇಲ್ಲಿ ಎಷ್ಟೋ ಸಲ ಸುಮ್ನೆ ಇದ್ದುಬಿಡುತ್ತಿತ್ತು.

ಇನ್ನೂ ಧೈರ್ಯ ಇದ್ದವರು ದೋನ್ ನದಿಯ ಕೊಸಾಕ್‌ರ, ಅಂದರೆ ಗಡಿಯಾಚೆ ತಮ್ಮದೇ ಕಟ್ಟಳೆಯಲ್ಲಿ ಬದುಕುತ್ತಿದ್ದ ಯೋಧರ, ಬಳಿ ಹೋದರು. 'ದೋನ್‌ಗೆ ಬಂದವರನ್ನು ಒಪ್ಪಿಸುವುದಿಲ್ಲ' ಅನ್ನುವುದು ಅಲ್ಲಿನ ಕಟ್ಟಲೆ. ತಮಾಷೆ ಅಂದರೆ ಹಳೆಯ ಕೊಸಾಕ್‌ರಿಗೆ ನೇಗಿಲು ಕಂಡರಾಗದು. ಮೀನು, ಲೂಟಿ, ಮಾಸ್ಕೋದಿಂದ ಬರುವ ಧಾನ್ಯ, ಇವೇ ಬದುಕು. ಉಳುವವನು ಓಡಿ ಬಂದು ಉಳುಮೆಯನ್ನೇ ಬಿಡಬೇಕು! ಹೀಗೆ ಬರಿಗೈಲಿ ಬಂದವರೇ 1670ರಲ್ಲಿ ದಂಗೆ ಎದ್ದ ಕೊಸಾಕ್ ನಾಯಕ ಸ್ತೆಂಕಾ ರಾಜಿನ್ ಹಿಂದೆ ನಡೆದರು.

1707ರಲ್ಲಿ ಪೀಟರ್ ದೊರೆ ಓಡಿಬಂದವರನ್ನು ಹಿಡಿದು ತರಲು ಸೇನಾಧಿಕಾರಿ ದೋಲ್ಗೊರುಕಿಯನ್ನು ಸೈನಿಕರೊಂದಿಗೆ ದೋನ್‌ಗೆ ಕಳಿಸಿದ. ದಂಗೆ ಎದ್ದ ಕೊಸಾಕ್ ನಾಯಕ ಬುಲಾವಿನ್‌ನ ಕಡೆಯವರು ಅವನನ್ನು ಕೊಂದರು. ಮರುವರ್ಷ ಆ ದಂಗೆ ಮುರಿದುಬಿತ್ತು. ಉಳಿದವರಲ್ಲಿ ಒಂದು ಗುಂಪನ್ನು ಇನ್ನೊಬ್ಬ ಕೊಸಾಕ್ ನಾಯಕ ಇಗ್ನಾತ್ ನೆಕ್ರಾಸೊವ್ ಕುಬಾನ್ ನದಿಯ ಕಡೆಗೆ ಕರೆದೊಯ್ದ. ಅದು ತಾತಾರರ ದೊರೆ ಕ್ರಿಮಿಯಾದ ಖಾನನ ಸೀಮೆ. ಬೆಲ್ಗೊರೊದ್ ಸಾಲು ಕಟ್ಟಿದ್ದೇ ಅವನ ಸವಾರರನ್ನು ತಡೆಯಲು.